ನಾನು ನನ್ನ ತಂಗಿಯಲ್ಲ: ವಲಸೆ ಇಲಾಖೆಯ ಪಾಠ ಕಲಿಯುವ ವಿಭಾಗಕ್ಕೆ ಒಂದು ಬಹಿರಂಗ ಪತ್ರ

ವಲಸೆ ಇಲಾಖೆಯ ‘ಹಿಂದಿನ ಲೋಪಗಳಿಂದ ಪಾಠ ಕಲಿಯುವ ವಿಭಾಗ’ದ ಘನತೆವೆತ್ತ ಮುಖ್ಯಸ್ಥರಿಗೆ,

ಮಾನ್ಯರೇ,

ತಾವೂ ತಮ್ಮ ಮನೆಮಂದಿಯೂ ಕ್ಷೇಮವೆಂದು ನಂಬಿದ್ದೇನೆ. ನಾನೂ ಕ್ಷೇಮವಾಗಿಯೇ ಇದ್ದೇನೆ; ಆದರೆ ಕಳೆದ ವಾರ ತಮ್ಮ ಕಚೇರಿಯಿಂದ ಬಂದ ಪತ್ರದ ಪ್ರಕಾರ, ಈ ದೇಶದೊಳಗೆ ಹೀಗೆ ಕ್ಷೇಮವಾಗಿರಲು ನನಗೆ ಅನುಮತಿ ಇಲ್ಲವಂತೆ. ಆದ್ದರಿಂದ ಈ ಸಾಲುಗಳನ್ನು ಆದಷ್ಟು ಕಡಿಮೆ ಜಾಗ ಹಿಡಿದು, ಆದಷ್ಟು ಮೆಲ್ಲಗೆ ಉಸಿರಾಡುತ್ತ ಬರೆಯುತ್ತಿದ್ದೇನೆ.

ಮೊದಲು ಅಭಿನಂದನೆ. ನನ್ನ ತಂಗಿ ಪುಟ್ಟಿ ಈ ದೇಶದವಳೇ ಹೌದು, ಅವಳನ್ನು ಹೊರಗಿನವಳೆಂದು ಕರೆದದ್ದು ಇಲಾಖೆಯ ತಪ್ಪು ಎಂದು ತಾವು ವರ್ಷಗಟ್ಟಲೆ ಯೋಚಿಸಿ ಕೊನೆಗೂ ಒಪ್ಪಿಕೊಂಡಿದ್ದೀರಿ, ಅವಳ ಹೆಸರಿನ ಹೊಸ ಕಾರ್ಡನ್ನೂ ಕಳುಹಿಸಿದ್ದೀರಿ. ಅದೇ ಲಕೋಟೆಯೊಳಗೆ, ಅಂಚೆಯವರಿಗೆ ಎರಡು ಸಲ ಮೆಟ್ಟಿಲು ಹತ್ತುವ ತೊಂದರೆ ಬೇಡವೆಂದೋ ಏನೋ, ನಾನು ಈ ದೇಶದವಳಲ್ಲವೆಂಬ ಇನ್ನೊಂದು ಹಾಳೆಯನ್ನೂ ಇಟ್ಟಿದ್ದೀರಿ. ಒಬ್ಬಳಿಗೆ ಆದ ಅನ್ಯಾಯವನ್ನು ಸರಿಪಡಿಸಿ, ಅದು ವ್ಯರ್ಥವಾಗದಂತೆ ಅವಳ ಅಕ್ಕನಿಗೆ ವರ್ಗಾಯಿಸುವ ಇಂಥ ಮಿತವ್ಯಯವನ್ನು ನಾನು ಬೇರೆ ಯಾವ ಇಲಾಖೆಯಲ್ಲೂ ಕಂಡಿಲ್ಲ.

ನಾವು ಯಾರೆಂದು ತಮಗೆ ಮರೆತಿರಬಹುದು. ಈ ದೇಶಕ್ಕೆ ರೈಲು ಹಳಿ ಹಾಕುವ ಕೈಗಳು ಬೇಕಾಗಿದ್ದ ಕಾಲದಲ್ಲಿ ತಮ್ಮ ಇಲಾಖೆಯೇ ಹಡಗು ಕಳುಹಿಸಿ ಕರೆಸಿಕೊಂಡವರಲ್ಲಿ ನಮ್ಮಪ್ಪ ಒಬ್ಬರು. ಅದೇ ಹಡಗಿನಲ್ಲಿ ಅಮ್ಮನ ತೊಡೆಯ ಮೇಲೆ ನಾವಿಬ್ಬರು ಅವಳಿ ಕೂಸುಗಳು. ಅಮ್ಮ ಒಮ್ಮೆ ಉಸಿರು ಎಳೆದು ಬಿಡುವಷ್ಟು ಹೊತ್ತಿಗೆ ಮುಂಚೆ ಹುಟ್ಟಿದ್ದರಿಂದ ನಾನು ಅಕ್ಕ, ಅವಳು ತಂಗಿ. ಒಂದೇ ಶಾಲೆ, ಒಂದೇ ಬೆಂಚು, ಒಂದೇ ಸಲ ಸಿಡುಬು. ದೊಡ್ಡವರಾದ ಮೇಲೆ ಬೀಗದ ಕೈ ಮಾಡುವವನ ಪಕ್ಕದಲ್ಲಿ ಸಣ್ಣದೊಂದು ಕನ್ನಡಕದ ಅಂಗಡಿ ಹಾಕಿದೆವು. ನಾನು ಕಣ್ಣು ಪರೀಕ್ಷಿಸುವವಳು, ಅವಳು ಗಾಜು ಕೂರಿಸಿ ಕಡ್ಡಿ ಸರಿಮಾಡುವವಳು. ನಾನು ಮದುವೆಯಾದಾಗ ನೋಂದಣಿ ಕಚೇರಿಯ ಗುಮಾಸ್ತರೊಬ್ಬರು ಖುಷಿಯಲ್ಲಿದ್ದು ನನ್ನ ಕಾಗದಕ್ಕೆ ಒಂದು ಮುದ್ರೆ ಹೆಚ್ಚಾಗಿಯೇ ಒತ್ತಿಬಿಟ್ಟರು. ಪುಟ್ಟಿಗೆ ಯಾವ ಗಂಡೂ ಹಿಡಿಸಲಿಲ್ಲ, ಹಾಗಾಗಿ ಮುದ್ರೆಯೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಪ್ರಜೆಗೂ ಪರಕೀಯಳಿಗೂ ಇದ್ದ ವ್ಯತ್ಯಾಸ ಇಷ್ಟೇ.

ಆ ಮೇಲೆ ತಮ್ಮ ಹಿಂದಿನ ಸಚಿವರು, ಆ ಮುದ್ರೆಯಿಲ್ಲದವರೆಲ್ಲರೂ ತಾವು ಬಂದ ಹಡಗಿನ ದಾಖಲೆ ತೋರಿಸಬೇಕೆಂದು ಅಪ್ಪಣೆ ಮಾಡಿದರು. ದಾಖಲೆ ಇದ್ದದ್ದು ತಮ್ಮ ಇಲಾಖೆಯ ನೆಲಮಾಳಿಗೆಯಲ್ಲಿ. ಕೇಳಲು ಹೋದರೆ, ನೌಕರರ ಉಪಾಹಾರದ ಕೋಣೆಗೆ ಜಾಗ ಸಾಲದೆ ಅವನ್ನೆಲ್ಲ ಸುಟ್ಟು ಹಾಕಿದ್ದಾಗಿ ಬಹಳ ಸೌಜನ್ಯದಿಂದ ತಿಳಿಸಿದರು. ತಾವು ಸುಟ್ಟದ್ದನ್ನು ನಾವು ತಂದು ತೋರಿಸಲಿಲ್ಲವೆಂಬ ಕಾರಣಕ್ಕೆ ಪುಟ್ಟಿ ಅಕ್ರಮ ನಿವಾಸಿಯಾದಳು. ಅವಳು ದುಡಿಯುವಂತಿಲ್ಲ, ಅವಳಿಗೆ ಯಾರೂ ಕೆಲಸ ಕೊಡುವಂತಿಲ್ಲ ಎಂಬ ಆದೇಶ ಬಂದಿತು. ಕಾನೂನಿಗೆ ತಲೆಬಾಗುವ ನಮ್ಮ ಪುಟ್ಟಿ ಮರುದಿನದಿಂದ ಗಲ್ಲಾಪೆಟ್ಟಿಗೆಯ ಆಚೆ ಗಿರಾಕಿಗಳ ಬೆಂಚಿನಲ್ಲಿ ಕೈಕಟ್ಟಿ ಕೂರತೊಡಗಿದಳು. ನಾನು ಯಾರದೋ ಕನ್ನಡಕದ ಕಡ್ಡಿ ತಿರುಚುತ್ತಿದ್ದರೆ ಅಲ್ಲಿಂದಲೇ, “ಅಕ್ಕಾ, ಎಡಗಡೆ ಬಗ್ಗಿದೆ. ನಾನು ಹೇಳಲಿಲ್ಲ, ಸುಮ್ನೆ ಅನಿಸ್ತು ಅಷ್ಟೇ,” ಎನ್ನುತ್ತಿದ್ದಳು. ಅನಿಸುವುದಕ್ಕೆ ಪರವಾನಗಿ ಬೇಕೆಂದು ತಮ್ಮ ಆದೇಶದಲ್ಲಿ ಎಲ್ಲೂ ಬರೆದಿರಲಿಲ್ಲ.

ಆಮೇಲೊಂದು ದಿನ ಸಮವಸ್ತ್ರದವರು ಅವಳನ್ನು ಕರೆದೊಯ್ಯಲು ಬಂದರು. ಪುಟ್ಟಿ ಅಮ್ಮನ ಔಷಧಿ ತರಲು ಹೋಗಿದ್ದಳು. ಕೈಯಲ್ಲಿದ್ದ ಫೋಟೋ ನೋಡಿದರು, ನನ್ನ ಮುಖ ನೋಡಿದರು, “ನಡೀರಮ್ಮ” ಎಂದರು. ನಾನವಳಲ್ಲ ಎನ್ನಲು ಬಾಯಿ ತೆರೆದವಳು ಹಾಗೇ ಮುಚ್ಚಿಕೊಂಡೆ. ನಾನು ಅವರ ವ್ಯಾನಿನಲ್ಲಿರುವಷ್ಟು ಹೊತ್ತು ಅವರು ಅವಳನ್ನು ಹುಡುಕುವುದಿಲ್ಲವಲ್ಲ ಎಂದು ಹೊಳೆದದ್ದೇ ತಡ, ಚಪ್ಪಲಿ ಮೆಟ್ಟಿಕೊಂಡು ಅವರಿಗಿಂತ ಮುಂದೆ ಹೊರಟುಬಿಟ್ಟೆ. ತಮ್ಮ ಬಂಧನ ಕೇಂದ್ರದ ಕೋಣೆ ಸ್ವಚ್ಛವಾಗಿತ್ತೆಂದು ಹೇಳಲೇಬೇಕು. ಹೆದರಿಕೆಯಾಗಲಿಲ್ಲವೆಂದರೆ ಸುಳ್ಳಾಗುತ್ತದೆ, ಕಿಟಕಿಯಿಲ್ಲದ ಆ ಗೋಡೆಯನ್ನು ನೋಡುತ್ತ, ಹಡಗಿಗೆ ಹತ್ತಿಸಿದರೆ ನೆನಪೇ ಇಲ್ಲದ ಆ ಊರಲ್ಲಿ ಇಳಿದು ಯಾರನ್ನು ಏನೆಂದು ಕೇಳಲಿ ಎಂದು ರಾತ್ರಿಯಿಡೀ ಯೋಚಿಸುತ್ತಿದ್ದೆ.

ಮರುದಿನ ಗೇಟಿನ ಹತ್ತಿರ ಗಲಾಟೆ. ಪುಟ್ಟಿ ಬಂದಿದ್ದಳು. “ಒಳಗಿರೋದು ನಮ್ಮಕ್ಕ. ನೀವು ಹುಡುಕ್ತಿರೋಳು ನಾನು. ಅವಳನ್ನು ಬಿಡಿ, ನನ್ನ ಹಾಕಿ,” ಎಂದು ಕೂಗಾಡುತ್ತಿದ್ದಳು. ಕೇಂದ್ರದ ಅಧಿಕಾರಿ ನಮ್ಮಿಬ್ಬರನ್ನೂ ಎದುರುಬದುರು ನಿಲ್ಲಿಸಿ ಸತ್ಯ ಹೇಳಿರೆಂದರು. ನಾನೇ ಪುಟ್ಟಿ ಎಂದೆ ನಾನು. “ಅಲ್ಲ ಸಾರ್, ಸುಳ್ಳು ಹೇಳ್ತಾಳೆ, ಚಿಕ್ಕಂದಿನಿಂದ್ಲೂ ಹೀಗೇ ಇವಳು!” ಎಂದಳು ಅವಳು. ಅಲ್ಲಿಯವರೆಗೆ ತಮ್ಮ ಅಧಿಕಾರಿಗಳು ಈ ದೇಶದವರೆಂದು ಹೇಳಿಕೊಳ್ಳುವವರನ್ನು ಮಾತ್ರ ಕಂಡವರು. ನಾನೇ ಹೊರಗಿನವಳು, ನನ್ನನ್ನೇ ಹಿಡಿದಿಡಿ ಎಂದು ಜಗಳಾಡುವ ಇಬ್ಬರು ಹೆಂಗಸರಿಗೆ ಯಾವ ಕಲಮು ಅನ್ವಯಿಸುತ್ತದೆಂದು ತಿಳಿಯದೆ ಆ ಮನುಷ್ಯ ಬೆವರಿಹೋದರು. ಒಂದು ಕಡೆ ತಪ್ಪಿದರೆ ಪ್ರಜೆಯನ್ನು ಗಡೀಪಾರು ಮಾಡಿದಂತೆ, ಇನ್ನೊಂದು ಕಡೆ ತಪ್ಪಿದರೆ ಅಕ್ರಮ ನಿವಾಸಿಯನ್ನು ಬಿಟ್ಟಂತೆ. ಕೊನೆಗೆ ಅಮ್ಮನನ್ನು ಕರೆಸಿದರು.

ಅಮ್ಮನಿಗೆ ಆಗಲೇ ಮಂಡಿನೋವು. ಕುರ್ಚಿಯಲ್ಲಿ ನಿಧಾನಕ್ಕೆ ಕೂತು, ನಮ್ಮಿಬ್ಬರ ಮುಖ ನೋಡಿ, ಅಧಿಕಾರಿಯ ಕಡೆ ತಿರುಗಿ ಹೇಳಿದಳು: “ಇವರಿಬ್ಬರನ್ನೂ ಎರಡು ತೊಡೆ ಮೇಲೆ ಕೂರಿಸ್ಕೊಂಡು ಬಂದೆ ಕಣಪ್ಪ. ಒಂದು ತೊಡೆ ಈ ದೇಶದ್ದು, ಇನ್ನೊಂದು ತೊಡೆ ಆ ದೇಶದ್ದು ಅಂತೀಯಾ?” ಅಧಿಕಾರಿ ತಲೆ ಕೆರೆದುಕೊಂಡು, ಅದೆಲ್ಲ ಇರಲಿ, ಇವರಲ್ಲಿ ದೊಡ್ಡವಳು ಯಾರೆಂದು ಮಾತ್ರ ಹೇಳಿ ಎಂದರು. “ವಯಸ್ಸಾಯ್ತು. ಕಣ್ಣು ಮಂಜು. ಇಬ್ಬರೂ ನನ್ನ ಮಕ್ಕಳ ಥರಾನೇ ಕಾಣ್ತಾರೆ,” ಎಂದು ಅಮ್ಮ ನಿಟ್ಟುಸಿರು ಬಿಟ್ಟಳು. ಆ ದಿನ ಅವಳು ಹಾಕಿಕೊಂಡಿದ್ದ ಕನ್ನಡಕದಲ್ಲಿ ಎದುರು ಗೋಡೆಯ ಕ್ಯಾಲೆಂಡರಿನ ಸಣ್ಣಕ್ಷರಗಳನ್ನೂ ಓದಬಹುದಿತ್ತು. ಅದಕ್ಕೆ ಗಾಜು ಕೂರಿಸಿದವಳು ಪುಟ್ಟಿಯೇ. ಮುಂದಿನ ಆದೇಶದವರೆಗೆ ಎಂದು ಬರೆದು ಮೂವರನ್ನೂ ಮನೆಗೆ ಕಳುಹಿಸಿದರು. ಬಸ್ಸಿನಲ್ಲಿ ಅಮ್ಮ ನಮ್ಮಿಬ್ಬರ ನಡುವೆ ಕೂತು ದಾರಿಯುದ್ದಕ್ಕೂ ನಮ್ಮ ಕೈಗಳನ್ನು ತನ್ನ ಮಡಿಲಲ್ಲಿ ಹಿಡಿದುಕೊಂಡೇ ಇದ್ದಳು.

ಪತ್ರಿಕೆಯವರು ಇದನ್ನು ಬರೆದರು. ಬರೆದ ಮೇಲೆ ತಿಳಿಯಿತು, ನಮ್ಮಂಥವರು ಊರೂರಲ್ಲಿ ಇದ್ದಾರೆ, ಎಷ್ಟೋ ಜನರನ್ನು ಹಡಗು ಹತ್ತಿಸಿಯೂ ಆಗಿದೆ, ಅವರಿಗೆ ನಮ್ಮ ಹಾಗೆ ಗೊಂದಲ ಎಬ್ಬಿಸಲು ಒಂದು ಅವಳಿಯೂ ಇರಲಿಲ್ಲ ಎಂದು. ಹಿಂದಿನ ಸಚಿವರು ಮನೆಗೆ ಹೋದರು, ಹೊಸ ಸಚಿವರು ಬಂದರು, ಆಯೋಗ ಕೂತಿತು, ದಪ್ಪನೆಯ ವರದಿ ಬಂತು. ದೊಡ್ಡ ಸಭಾಂಗಣದಲ್ಲಿ ಸರ್ಕಾರ ನಮ್ಮ ಕ್ಷಮೆ ಕೇಳಿತು. ಮುಂದಿನ ಸಾಲಿನಲ್ಲಿದ್ದ ಅಮ್ಮನ ಕೈಹಿಡಿದು ಸಚಿವರು, ಇನ್ನು ಹೀಗಾಗದಂತೆ ನೋಡಿಕೊಳ್ಳುತ್ತೇವೆ ಎಂದರು. “ಯಾರು ನೋಡ್ಕೊಳ್ತೀರಿ? ಹೆಸರು ಹೇಳಿ,” ಎಂದಳು ಅಮ್ಮ. ಸಚಿವರು ನಕ್ಕು ಪಕ್ಕದವರ ಕೈ ಹಿಡಿದರು.

ಆ ಹೆಸರನ್ನು ಆಯೋಗವೂ ಕೇಳಿತ್ತೆಂಬುದು ತಮಗೆ ನೆನಪಿರಬಹುದು. ಇಲಾಖೆಯನ್ನು ಹೊರಗಿನಿಂದ ನೋಡಿ, ತಪ್ಪು ಕಂಡರೆ ತಪ್ಪೆನ್ನುವ ಒಬ್ಬ ಮೇಲ್ವಿಚಾರಕರು ಬೇಕೆಂದು ಅದು ಶಿಫಾರಸು ಮಾಡಿತ್ತು. ಸರ್ಕಾರ ಶಿಫಾರಸುಗಳನ್ನೆಲ್ಲ ಚಪ್ಪಾಳೆಯ ನಡುವೆ ಒಪ್ಪಿತು. ಆಮೇಲೆ ಸದ್ದಿಲ್ಲದೆ, ಇಲಾಖೆ ತನ್ನನ್ನು ತಾನೇ ನೋಡಿಕೊಳ್ಳುವಷ್ಟು ಬೆಳೆದಿದೆಯೆಂದು ಆ ಹುದ್ದೆಯನ್ನು ಕೈಬಿಟ್ಟು, ತಮ್ಮ ಪಾಠ ಕಲಿಯುವ ವಿಭಾಗವನ್ನು ತೆರೆಯಿತು. ನಮ್ಮ ಅಂಗಡಿಗೂ ಇಂಥ ಗಿರಾಕಿಗಳು ಬರುತ್ತಾರೆ. ಸರದಿಗೆ ಕಾಯುತ್ತ ಕೂತಲ್ಲೇ ಗೋಡೆಯ ಅಕ್ಷರದ ಹಲಗೆಯನ್ನು ಬಾಯಿಪಾಠ ಮಾಡಿಕೊಂಡು, ಪರೀಕ್ಷೆಗೆ ಕರೆದಾಗ ಕೆಳಗಿನ ಸಾಲಿನವರೆಗೂ ಗಡಗಡನೆ ಒಪ್ಪಿಸಿ, ಕಣ್ಣು ಚೊಕ್ಕವಾಗಿದೆಯೆಂದು ಎದ್ದು ಹೊರಡುತ್ತಾರೆ. ಹೊರಡುವಾಗ ಬಾಗಿಲಿಗೆ ಹಣೆ ಜಜ್ಜಿಕೊಳ್ಳುತ್ತಾರೆ. ಅವರೂ ಪಾಠ ಕಲಿತವರೇ, ಮಾನ್ಯರೇ.

ಪರಿಹಾರ ಯೋಜನೆಗೆ ನಾವಿಬ್ಬರೂ ಅರ್ಜಿ ಹಾಕಿದೆವು. ಬಂಧನವಾದದ್ದು ಅಕ್ಕನಿಗೆ, ಅಕ್ಕ ಪ್ರಜೆ, ಯೋಜನೆ ಇರುವುದು ಪ್ರಜೆಯಲ್ಲದವರಿಗೆ. ತಂಗಿ ಪ್ರಜೆಯಲ್ಲ ನಿಜ, ಆದರೆ ಅವಳಿಗೆ ಬಂಧನವಾಗಿಲ್ಲ, ಹಾಗಾಗಿ ತೊಂದರೆಯಾಗಿಲ್ಲ. ಹೀಗೆಂದು ಎರಡೂ ಅರ್ಜಿಗಳನ್ನು ತಿರಸ್ಕರಿಸಿದಿರಿ. ಈ ತರ್ಕದ ಅಂದಕ್ಕೆ ಮನಸೋತು ಅದನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದೆ. ಪಕ್ಕದಂಗಡಿಯ ಬೀಗದ ಕೈಯವನು, “ಇಷ್ಟು ಭದ್ರವಾದ ಬೀಗ ನಾನೂ ಮಾಡಿಲ್ಲ ಬಿಡಿ,” ಎಂದ. ಮತ್ತೆ ಅರ್ಜಿ, ಮತ್ತೆ ಕಾಯುವುದು. ಅಮ್ಮ ಪ್ರತಿ ಬೆಳಿಗ್ಗೆ ಹಾಸಿಗೆಯಿಂದಲೇ, ಅಂಚೆ ಬಂತಾ ಎಂದು ಕೇಳುತ್ತಿದ್ದಳು. ಕಳೆದ ಚಳಿಗಾಲದಲ್ಲಿ ಕೇಳುವುದನ್ನು ನಿಲ್ಲಿಸಿದಳು. ಒಬ್ಬ ಮಗಳು ಅಪರಾಧಿಯಾಗಿರುವಾಗಲೇ ಅವಳು ಹೋಗಿಬಿಟ್ಟಳು; ಈ ಒಂದು ವಾಕ್ಯಕ್ಕೆ ವಿನಯದ ಮಾತನ್ನು ಸೇರಿಸಲು ನನಗೆ ಬರುತ್ತಿಲ್ಲ, ಕ್ಷಮಿಸಬೇಕು.

ಈಗ ಆ ಲಕೋಟೆಯ ವಿಷಯ. ಪುಟ್ಟಿ ತನ್ನ ಕಾರ್ಡನ್ನು ನೋಡಿ ಕುಣಿದಾಡಿದಳು. ಎರಡನೆಯ ಹಾಳೆ ಓದಿದವಳೇ ಕಾರ್ಡನ್ನು ಮತ್ತೆ ಲಕೋಟೆಗೆ ತುರುಕಿದಳು. ಆಮೇಲೆ ಕೋಟು ತೊಟ್ಟು, “ನಂಗಿದು ಬೇಡ ಅಕ್ಕ. ಕೊಡೋದಾದ್ರೆ ಇಬ್ಬರಿಗೂ ಕೊಡ್ಲಿ,” ಎಂದು ಕಾರ್ಡು ಹಿಡಿದು ತಮ್ಮ ಕಚೇರಿಗೇ ಹೊರಟಳು. ಬೇಡವೆಂದು ಬೈಯುತ್ತ ನಾನೂ ಹಿಂದೆ ಓಡಿದೆ. ಕೌಂಟರಿನಲ್ಲಿದ್ದ ಹೆಣ್ಣುಮಗಳು ಕಾರ್ಡನ್ನು ಮುಟ್ಟಲೇ ಇಲ್ಲ. “ವಾಪಸ್ ತಗೊಳ್ಳೋ ಪದ್ಧತಿ ಇಲ್ಲಮ್ಮ. ಇದುವರೆಗೂ ಯಾರೂ ವಾಪಸ್ ಕೊಟ್ಟಿಲ್ಲ,” ಎಂದವಳು, ನಮ್ಮಿಬ್ಬರ ಮುಖ ನೋಡಿ ಬಿಳಿಚಿಕೊಂಡಳು. ಅತ್ತಿತ್ತ ನೋಡಿ ದನಿ ತಗ್ಗಿಸಿದಳು. “ನಿಮ್ಮಿಬ್ಬರ ಅರ್ಜಿ ನನ್ನ ಕೈಗೇ ಬಂದಿತ್ತು. ಒಂದೇ ಮುಖ, ಒಂದೇ ಹುಟ್ಟಿದ ದಿನ, ಒಂದೇ ತಂದೆತಾಯಿ. ಒಬ್ಬರೇ ಎರಡು ಸಲ ಬಂದಿದ್ದಾರೆ, ಎರಡರಲ್ಲಿ ಒಂದನ್ನು ತೆಗೀರಿ ಅಂತು ಕಂಪ್ಯೂಟರು. ನೀವು ಬೇರೆ ಬೇರೆಯವರು ಅಂತ ನಂಗೂ ಅನಿಸ್ತು. ಆದ್ರೆ ಎರಡೂ ಇರ್ಲಿ ಅನ್ನೋ ಗುಂಡಿ ಅದ್ರಲ್ಲಿ ಇರ್ಲಿಲ್ಲ. ಮೇಲಿನವರನ್ನ ಕೇಳ್ದೆ. ನೀವೇ ನೋಡಿ ಒಂದು ಒತ್ತಿ ಅಂದ್ರು.” ಅವಳ ಕಣ್ಣು ತುಂಬಿತ್ತು. ಪುಟ್ಟಿ, ಕಾರ್ಡು ವಾಪಸ್ ಕೊಡಲು ಬಂದವಳು, ಅವಳಿಗೇ ಸಮಾಧಾನ ಹೇಳಿ ಕರವಸ್ತ್ರ ಕೊಟ್ಟು ಬಂದಳು.

ಮುಂದಿನ ತಿಂಗಳ ವಿಚಾರಣೆಗೆ, ನಾನು ನನ್ನ ತಂಗಿಯಲ್ಲವೆಂಬ ಪುರಾವೆ ತರಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಪುರಾವೆಯಾಗಿ ತಂಗಿಯನ್ನೇ ಕರೆತರುತ್ತೇನೆ. ಒಬ್ಬಳ ಪಕ್ಕದಲ್ಲಿ ಇನ್ನೊಬ್ಬಳು ನಿಂತಿರುವುದಕ್ಕಿಂತ ದೊಡ್ಡ ಸಾಕ್ಷಿ ನಮ್ಮಲ್ಲಿಲ್ಲ. ಬೀಗದ ಕೈಯವನೂ ನಮ್ಮ ಬೀದಿಯ ಇನ್ನಷ್ಟು ಜನರೂ ಬರುತ್ತಾರಂತೆ, ದಯವಿಟ್ಟು ಬೆಂಚುಗಳನ್ನು ಹೆಚ್ಚಿಗೆ ಹಾಕಿಸಬೇಕು. ಹೊಸ ಆಯೋಗ ಬೇಡ, ಇನ್ನೊಂದು ಕ್ಷಮಾಪಣೆಯ ಸಭೆಯೂ ಬೇಡ, ಹೂಗುಚ್ಛವಂತೂ ಬೇಡವೇ ಬೇಡ. ಹೊರಗಿನಿಂದ ಬಂದು ಹಲಗೆಯ ಅಕ್ಷರಗಳನ್ನು ಅದಲುಬದಲು ಮಾಡಿ ತಮ್ಮ ಕಣ್ಣು ಪರೀಕ್ಷಿಸುವ ಒಬ್ಬರು ಬೇಕು, ಅವರಿಗೊಂದು ಹೆಸರಿರಬೇಕು, ಆ ಹೆಸರು ನಮಗೆ ಗೊತ್ತಿರಬೇಕು. ಜೊತೆಗೆ ತಮ್ಮ ಆ ಯಂತ್ರದ ಮೂಲೆಯಲ್ಲೆಲ್ಲಾದರೂ, ಎರಡೂ ಇರಲಿ ಎಂಬ ಒಂದು ಗುಂಡಿ. ಸಣ್ಣದಾದರೂ ಸಾಕು. ಅದನ್ನು ಒತ್ತಬೇಕೆಂದು ಕಾಯುತ್ತಿರುವ ಬೆರಳು ತಮ್ಮ ಕೌಂಟರಿನಲ್ಲಿ ಈಗಾಗಲೇ ಇದೆ.

ತಮ್ಮ ಅಮೂಲ್ಯ ಸಮಯವನ್ನು, ನನ್ನ ಅಕ್ರಮ ಸಮಯದಲ್ಲಿ ಕೂತು, ಇಷ್ಟು ದೀರ್ಘವಾಗಿ ತೆಗೆದುಕೊಂಡಿದ್ದಕ್ಕೆ ಮನ್ನಿಸುವಿರೆಂದು ನಂಬಿರುವ,

ತಮ್ಮ ವಿಶ್ವಾಸಿ,
ಕನ್ನಡಕದ ಅಂಗಡಿಯ ಅಕ್ಕ

ತಾ.ಕ.: ಉತ್ತರವನ್ನು ನಮ್ಮಿಬ್ಬರಲ್ಲಿ ಯಾರ ಹೆಸರಿಗೆ ಬೇಕಾದರೂ ಕಳುಹಿಸಬಹುದು. ಸಹಿ ಹಾಕಿ ತೆಗೆದುಕೊಳ್ಳುವವಳು ಅಕ್ಕನೋ ತಂಗಿಯೋ ಎಂಬುದನ್ನು, ಒಳಗೆ ಏನು ಬರೆದಿದೆಯೆಂದು ಓದಿದ ಮೇಲೆ ನಾವೇ ತೀರ್ಮಾನಿಸಿಕೊಳ್ಳುತ್ತೇವೆ.