ಗ್ರೀಸಿನ ಗುಡಿಗಳೂ ದೊಡ್ಡಪ್ಪನ ಕಾಲುಗಳೂ

ನಮ್ಮ ದೊಡ್ಡಪ್ಪನ ಜೊತೆ ವಾದ ಮಾಡಿ ಗೆದ್ದವರು ಇಡೀ ಸಿಂಗಪುರದಲ್ಲಿ ಯಾರೂ ಇಲ್ಲ. ಗ್ರೀಸಿನಲ್ಲಿ ಒಬ್ಬಳಿದ್ದಾಳೆ. ಆದರೆ ಅವಳ ಬಾಯಲ್ಲಿ ಸೀಟಿ ಇತ್ತು, ಹಾಗಾಗಿ ಅದನ್ನು ನಾನು ನ್ಯಾಯವಾದ ಗೆಲುವೆಂದು ಒಪ್ಪುವುದಿಲ್ಲ.

ನಾನಾದರೂ ಯೂನಿವರ್ಸಿಟಿಯ ಡಿಬೇಟ್ ತಂಡದವಳು. ಎದುರಾಳಿಯ ಮಾತಿನಲ್ಲಿ ಬಿರುಕು ಎಲ್ಲಿದೆ ಎಂದು ಏಳು ನಿಮಿಷದಲ್ಲಿ ತೋರಿಸಿಕೊಡಲು ತರಬೇತಿ ಪಡೆದವಳು. ಕ್ಲೆಮೆಂಟಿಯಲ್ಲಿ ದೊಡ್ಡಪ್ಪನ ಮನೆಯಲ್ಲಿದ್ದುಕೊಂಡೇ ಓದಿದೆ. ಆ ಮೂರು ವರ್ಷದಲ್ಲಿ, ಉಪ್ಪಿಟ್ಟು ತಿಂಡಿಯೋ ಶಿಕ್ಷೆಯೋ ಎಂಬಂಥ ಸರಳ ವಿಷಯದಲ್ಲೂ ಅವರನ್ನು ಸೋಲಿಸಲಾಗಲಿಲ್ಲ. ಏಕೆಂದರೆ ಅವರು ಉತ್ತರವನ್ನೇ ಕೊಡುವುದಿಲ್ಲ, ಪ್ರಶ್ನೆ ಕೇಳುತ್ತಾರೆ. ಬೂನ್ ಲೇ ಕಡೆಯ ಕಾರ್ಖಾನೆಯೊಂದರಲ್ಲಿ ಪಂಪು ಕೆಟ್ಟಾಗಲೆಲ್ಲ ‘ಯಾಕೆ, ಯಾಕೆ’ ಎಂದು ಕೇಳಿ ಕೇಳಿ ಅಂಟಿದ ಚಾಳಿ ಅದು. ಪಂಪುಗಳು ಸಹಿಸಿಕೊಂಡವು. ಮನುಷ್ಯರ ಕತೆ ಬೇರೆ.

ಒಮ್ಮೆ ಸಾಲು ಸಾಲು ತಿಂಡಿ ಅಂಗಡಿಗಳ ಹಾಕರ್ ಸೆಂಟರಿನಲ್ಲಿ ನೂಡಲ್ಸ್ ಅಂಗಡಿಯ ಆಂಟಿ, ಇಲ್ಲೇ ತಿನ್ನುತ್ತೀರೋ ಕಟ್ಟಿಕೊಡಲೋ ಎಂದು ಎಲ್ಲರನ್ನೂ ಕೇಳುವಂತೆ ಇವರನ್ನೂ ಕೇಳಿದಳು: “ಹ್ಯಾವಿಂಗ್ ಹಿಯರ್, ಅಂಕಲ್?”

“ಪಕ್ಕದ ಬ್ಲಾಕಿನ ನೆಲಮಟ್ಟದ ತೆರೆದ ವಾಯ್ಡ್ ಡೆಕ್‌ನಲ್ಲಿ ಕೂತು ತಿಂದರೆ ಅದು ‘ಹಿಯರ್’ ಆಗುತ್ತಾ?” ಎಂದು ದೊಡ್ಡಪ್ಪ ಇಂಗ್ಲಿಷಿನಲ್ಲಿ ವಿಚಾರಿಸಿದರು.

ಆಂಟಿ ಇವರ ಹಿಂದಿನ ಸಾಲನ್ನು ನೋಡಿದಳು, ಇವರನ್ನು ನೋಡಿದಳು. “ಪ್ಯಾಕೆಟ್ ಲಾ” ಎಂದು ತೀರ್ಪು ಕೊಟ್ಟಳು. ನಾವು ಅವಳ ಅಂಗಡಿಯ ಎದುರಿನ ಟೇಬಲ್ಲಿನಲ್ಲೇ ಕೂತು ಪೊಟ್ಟಣ ಬಿಚ್ಚಿ ತಿಂದೆವು.

ಇಂಥವರ ಕಣ್ಣಿಗೆ ನಮ್ಮ ಯೂನಿವರ್ಸಿಟಿಯ ಆ ನೋಟೀಸು ಬೀಳಬಾರದಿತ್ತು. ರಜೆಯಲ್ಲಿ ಎರಡು ವಾರದ ಕೋರ್ಸು: ಪ್ರಾಚೀನ ಗ್ರೀಕರ ಸಂಸ್ಕೃತಿ, ತತ್ವಶಾಸ್ತ್ರಗಳನ್ನು ಗ್ರೀಸಿಗೇ ಹೋಗಿ, ಪಾಳುಬಿದ್ದ ಕಂಬಗಳ ನಡುವೆ ನಿಂತು ಕಲಿಯುವುದು. ಹೊರಗಿನವರೂ ಸೇರಬಹುದು ಎಂದು ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿತ್ತು.

“ಬರೀ ಪ್ರಶ್ನೆ ಕೇಳ್ಕೊಂಡೇ ಹೆಸರು ಮಾಡಿದ ಜನ ಕಣೆ ಅವ್ರು. ನಮ್ಮೋರೇ” ಎಂದರು ದೊಡ್ಡಪ್ಪ.

“ಹಾಗೆ ಕೇಳ್ತಿದ್ದ ಒಬ್ಬರಿಗೆ ಊರವ್ರು ಸೇರಿ ವಿಷ ಕುಡಿಸಿದ್ರು, ಗೊತ್ತಾ?”

“ನಿಮ್ಮ ದೊಡ್ಡಮ್ಮನ ಕಷಾಯಕ್ಕಿಂತ ಕಹಿ ಇತ್ತಾ ಅದು?”

ಇಬ್ಬರ ಹೆಸರೂ ಬುಕ್ ಆಯಿತು.

ಇಷ್ಟು ಹೊತ್ತು ನಕ್ಕದ್ದು ಸಾಕು, ದೊಡ್ಡಮ್ಮನ ಭಯವನ್ನೂ ಹೇಳಬೇಕು. ದೊಡ್ಡಪ್ಪನಿಗೆ ಬಹಳ ವರ್ಷಗಳ ಸಕ್ಕರೆ ಕಾಯಿಲೆ. ಪಾದಗಳಲ್ಲಿ ಸ್ಪರ್ಶವೇ ಸರಿಯಾಗಿ ತಿಳಿಯುವುದಿಲ್ಲ. ಬರಿಗಾಲಲ್ಲಿ ನಡೆಯಲೇಬಾರದು, ಗೊತ್ತಾಗದೆ ಒಂದು ಗಾಯವಾಗಿ ಕೀವು ತುಂಬಿಕೊಂಡರೆ ಕಾಲನ್ನೇ ತೆಗೆಯಬೇಕಾದೀತು ಎಂದು ಡಾಕ್ಟರು ಹೇಳಿದ್ದರು. ಏರ್‌ಪೋರ್ಟಿನಲ್ಲಿ ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದುಕೊಂಡರು.

“ನೀನು ಫಿಲಾಸಫಿ ಕಲಿತ್ಯೋ ಬಿಟ್ಯೋ, ನಂಗೆ ಬೇಡ. ಎರಡು ಕಾಲಲ್ಲಿ ಹೋಗ್ತಿದಾರೆ. ಎರಡು ಕಾಲಲ್ಲೇ ಕರ್ಕೊಂಡು ಬಾ.”

ಸುಲಭದ ಕೆಲಸ ಅಂದುಕೊಂಡೆ. ಗ್ರೀಸಿನಲ್ಲಿ ಕಲ್ಲು ಕಂಡಲ್ಲೆಲ್ಲ ಗುಡಿ ಎಂಬುದು ಆಗ ಹೊಳೆಯಲೇ ಇಲ್ಲ!

ಮೊದಲ ದಿನ ಅಥೆನ್ಸಿನ ಗುಡ್ಡ ಹತ್ತಿದೆವು. ದೊಡ್ಡ ಕಂಬಗಳ ಮುಂದೆ ಬಂದದ್ದೇ ದೊಡ್ಡಪ್ಪ ಕೂತು ಶೂ ಲೇಸು ಬಿಚ್ಚತೊಡಗಿದರು.

“ಏನ್ಮಾಡ್ತಿದೀರ ದೊಡ್ಡಪ್ಪ?”

“ಗುಡಿ ಅಲ್ವೇನೆ ಇದು?”

“ಒಳಗೆ ದೇವ್ರಿಲ್ಲ. ಪೂಜೆ ನಿಂತು ಸಾವಿರದೈನೂರು ವರ್ಷ ಆಯ್ತು. ಚಾವಣಿ ಕೂಡ ಇಲ್ಲ.”

“ಬಾಸು ಲೀವ್ ಹಾಕಿದಾರೆ ಅಂತ ಅವ್ರ ಟೇಬಲ್ ಮೇಲೆ ನಾನು ಕಾಲಿಟ್ಕೊಂಡು ಕೂರ್ತೀನಾ?”

“ಸಾವಿರದೈನೂರು ವರ್ಷ ಲೀವಾ?”

“ರಾಜೀನಾಮೆ ಪತ್ರ ನೋಡಿದೀಯಾ ನೀನು?”

ನೋಡಿರಲಿಲ್ಲ. ದೇವರನ್ನೇ ನಂಬದ ನಾನು, ದೇವರು ರಾಜೀನಾಮೆ ಕೊಟ್ಟಿಲ್ಲವೆಂದು ಒಪ್ಪಿಕೊಂಡಂತಾಯಿತು.

ಶೂಗಳನ್ನು ಜೋಡಿಸಿಟ್ಟು, ಗುಡಿಯನ್ನು ಬಲಕ್ಕಿಟ್ಟುಕೊಂಡು ಪ್ರದಕ್ಷಿಣೆ ಶುರು ಮಾಡಿದರು. ಅಡ್ಡ ಕಟ್ಟಿದ್ದ ಹಗ್ಗ ದಾಟುವಷ್ಟರಲ್ಲಿ ಸೀಟಿ ಕೂಗಿತು. ಕಾವಲಿನ ಹೆಂಗಸು ಓಡಿಬಂದು ಇವರ ಪಾದ ತೋರಿಸಿದಳು, ಶೂ ತೋರಿಸಿದಳು.

“ವೈ?” ಎಂದರು ದೊಡ್ಡಪ್ಪ.

“ನೋ ವೈ. ಶೂಸ್.”

ದೊಡ್ಡಪ್ಪನ ಪ್ರಶ್ನೆಯನ್ನೇ ರದ್ದುಮಾಡಿದ ಮೊದಲ ವ್ಯಕ್ತಿ ಆಕೆ. ತೆಪ್ಪಗೆ ಶೂ ಹಾಕಿಕೊಂಡರು. ಆ ರಾತ್ರಿ ಒಂದು ರಾಜಿಯಾಯಿತು: ಗುಡಿಯ ಮುಂದೆ ಶೂ ಬಿಚ್ಚಲಿ, ದಪ್ಪ ಕಾಲುಚೀಲ ಮಾತ್ರ ಬಿಚ್ಚಕೂಡದು; ನಾನು ಪಕ್ಕದಲ್ಲೇ ಇರಬೇಕು.

ರಾಜಿ ಮುರಿದದ್ದು ಅವರೋ ನಾನೋ, ಈಗಲೂ ಹೇಳಲಾರೆ. ಸಮುದ್ರದ ದಂಡೆಯ ಮೇಲೊಂದು ಗುಡಿ, ಸುಡುವ ಮಧ್ಯಾಹ್ನ. ಆತ್ಮಕ್ಕೆ ಸಾವಿಲ್ಲ ಎಂಬ ಗ್ರೀಕರ ವಾದವನ್ನು ಪ್ರೊಫೆಸರ್ ವಿವರಿಸುತ್ತಿದ್ದರು. ನಾನು ಬಿಡುತ್ತೇನೆಯೇ? ಒಂದೊಂದೇ ಎಳೆ ಹಿಡಿದು ಬಿಚ್ಚಿದೆ. ಇಡೀ ತಂಡ ಸುತ್ತ ನೆರೆದಿತ್ತು. ಪ್ರೊಫೆಸರ್ ಕೊನೆಗೆ ಕೈ ಚೆಲ್ಲಿದರು. ಜನ್ಮದಲ್ಲೇ ಅಷ್ಟು ಚೆನ್ನಾಗಿ ವಾದಿಸಿರಲಿಲ್ಲ. ಆ ಇಪ್ಪತ್ತು ನಿಮಿಷದಲ್ಲಿ ದೊಡ್ಡಪ್ಪ ಕಾಲುಚೀಲವನ್ನೂ ಕಳಚಿ, ಕಾದ ಕಲ್ಲಿನ ಮೇಲೆ ಗುಡಿಗೆ ಮೂರು ಸುತ್ತು ಬಂದಿದ್ದರು.

ವಾಪಸಾಗುವಾಗ ಬಸ್ಸಿನಲ್ಲಿ ಶೂ ಬಿಚ್ಚಿ ಕೂತಿದ್ದ ಅವರ ಬಲಗಾಲಿನ ಕಾಲುಚೀಲದ ಮೇಲೆ ಕೆಂಪು ಕಲೆ ಕಂಡಿತು.

“ದೊಡ್ಡಪ್ಪ, ಕಾಲು ಉರೀತಿಲ್ವಾ?”

“ಇಲ್ವಲ್ಲ. ಯಾಕೆ?”

ಅಂಗಾಲಲ್ಲಿ ದೊಡ್ಡ ಬೊಬ್ಬೆಯೆದ್ದು ಒಡೆದಿತ್ತು. ಅವರಿಗೆ ಗೊತ್ತೇ ಆಗಿರಲಿಲ್ಲ. ಅಲ್ಲಿನ ಊರೊಂದರ ಡಾಕ್ಟರು ತೊಳೆದು ಕಟ್ಟಿ, ಮಾತ್ರೆ ಕೊಟ್ಟು, ಕೀವಾಗದಿದ್ದರೆ ಬಚಾವು ಎಂದರು. ಉಳಿದ ಗ್ರೀಸನ್ನು ದೊಡ್ಡಪ್ಪ ಬಸ್ಸಿನ ಕಿಟಕಿಯಿಂದ ಕಲಿತರು. ನಾನು ಯಾರ ಜೊತೆಗೂ ಮತ್ತೆ ವಾದ ಮಾಡಲಿಲ್ಲ. ಆತ್ಮದ ವಿಷಯ ಗೆದ್ದವಳಿಗೆ ಒಂದು ಅಂಗಾಲನ್ನು ನೋಡಿಕೊಳ್ಳಲಾಗಿರಲಿಲ್ಲ.

ಸಿಂಗಪುರದಲ್ಲಿ ಇಳಿದಾಗ ದೊಡ್ಡಮ್ಮ ನಮ್ಮ ಮುಖ ನೋಡಲಿಲ್ಲ. ನೇರ ಕೆಳಗೆ ನೋಡಿದರು. “ಎರಡಿದೆ” ಎಂದರು. ಬ್ಯಾಂಡೇಜು ಕಂಡದ್ದು ಆಮೇಲೆ. ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಗಾಯ ತೊಳೆದು ಕಟ್ಟುವ ಕೆಲಸವನ್ನು ನಾನೇ ಕೇಳಿ ವಹಿಸಿಕೊಂಡೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಅಂಚು ಕೆಂಪಾದಂತೆ ಕಂಡ ದಿನ ಕ್ಲಾಸಿಗೆ ಹೋಗದೆ ಮತ್ತೆ ಮತ್ತೆ ಟಾರ್ಚು ಬಿಟ್ಟು ನೋಡಿದೆ. ಹದಿನೆಂಟನೆಯ ದಿನ ಕ್ಲೆಮೆಂಟಿಯ ಡಾಕ್ಟರು ಪಾದವನ್ನು ತಿರುಗಿಸಿ ನೋಡಿ, “ಹೀಲ್ ಆಲ್ರೆಡಿ. ಅಂಕಲ್, ಯೂ ವೆರಿ ಲಕ್ಕಿ ಆಹ್” ಎಂದರು.

“ಲಕ್ ಅಂದರೇನು?” ಎಂದು ದೊಡ್ಡಪ್ಪ ಆರಂಭಿಸಿದರು. ನಾನು ಅವರನ್ನು ಹೊರಗೆ ಎಳೆದುಕೊಂಡು ಬಂದು, ವಾಯ್ಡ್ ಡೆಕ್‌ನ ಕಲ್ಲುಬೆಂಚಿನ ಮೇಲೆ ಕೂತು ಸುಮ್ಮನೆ ಉಸಿರಾಡಿದೆ. ಉಸಿರು ಅಷ್ಟು ಒಳಗಿನವರೆಗೆ ಹೋಗಿ ವಾರಗಳೇ ಆಗಿದ್ದವು.

ಆ ಸಂಜೆ ಕಡೆಯ ಸಲ ಮುಲಾಮು ಹಚ್ಚಲು ಕೂತೆ. ದೊಡ್ಡಪ್ಪ ಸೋಫಾದ ಮೇಲೆ ಪೇಪರು ಓದುತ್ತಿದ್ದರು. ನಾನು ನೆಲದಲ್ಲಿ ಮಂಡಿಯೂರಿ, ತಲೆ ಬಗ್ಗಿಸಿ, ಎರಡೂ ಕೈಯಲ್ಲಿ ಅವರ ಪಾದ ಹಿಡಿದು ಹೊಸ ಚರ್ಮವನ್ನು ಪರೀಕ್ಷಿಸುತ್ತಿದ್ದೆ. ಹಿರಿಯರ ಕಾಲಿಗೆ ಬೀಳುವುದನ್ನು ಒಂಬತ್ತನೇ ಕ್ಲಾಸಿನಲ್ಲೇ ನಿಲ್ಲಿಸಿದವಳು ನಾನು. ಹಬ್ಬದ ದಿನ ಬಂಧುಗಳೆಲ್ಲರ ಮುಂದೆ ಕಾರಣಗಳನ್ನು ವಿವರಿಸಿಯೇ ನಿಲ್ಲಿಸಿದ್ದೆ.

ತಲೆಯ ಮೇಲೆ ಏನೋ ಬೆಚ್ಚಗೆ ಕೂತಿತು. ದೊಡ್ಡಪ್ಪನ ಅಂಗೈ. ಕಾಲ ಬಳಿ ತಲೆ ಬಾಗಿದರೆ ತಾನಾಗಿ ಮೇಲೇಳುವ ಕೈ ಅದು; ಕಣ್ಣು ಪೇಪರಿನಲ್ಲೇ ಇತ್ತು.

“ಚೆನ್ನಾಗಿರು ಮರಿ” ಎಂದರು.

ಇದು ನಮಸ್ಕಾರ ಅಲ್ಲ ದೊಡ್ಡಪ್ಪ, ಮುಲಾಮು ಎನ್ನಲು ಬಾಯಿ ತೆರೆದೆ. ಗೆಲ್ಲುವ ವಾದವೇ. ಆದರೆ ಹೇಳಿದರೆ ಕೈ ತೆಗೆದುಬಿಡುತ್ತಾರೆ. ಬಾಯಿ ಮುಚ್ಚಿಕೊಂಡು, ವಾಸಿಯಾಗಿದ್ದ ಅಂಗಾಲಿಗೆ ಇನ್ನೊಂದು ಸಲ ಮುಲಾಮು ಹಚ್ಚಿದೆ.