ಅಟ್ಟದ ಮೇಲಿನ ಗೆಳತಿಯೂ ನಾಲ್ಕು ತಾಲ್ಲೂಕುಗಳೂ

ಗೋಡೆಗೆ ಬಿಳಿ ಪಂಚೆ ಬಿಗಿದು, ಕಿಟಕಿಗಳಿಗೆ ಜಮಖಾನ ಹೊದಿಸಿ ಕತ್ತಲು ಮಾಡಿದೆನೆಂದರೆ ಸಾಕು, ಪಂಚೆಯ ಮೇಲೆ ಸಿನಿಮಾ ಶುರುವಾಗುವ ಮೊದಲೇ ಅದರ ಮುಂದೆ ಇನ್ನೊಂದು ಶುರುವಾಗುತ್ತದೆ. ನಾನು ಮಧುಗಿರಿಯ ಪ್ರೌಢಶಾಲೆಯೊಂದರಲ್ಲಿ ಅಧ್ಯಾಪಕಿ. ನಮ್ಮದೂ ಸೇರಿ ಸುತ್ತಲಿನ ನಾಲ್ಕು ತಾಲ್ಲೂಕುಗಳ ಶಾಲೆಗಳಿಗೆ ಪ್ರೊಜೆಕ್ಟರ್ ಹೊತ್ತು ಹೋಗಿ ಮಕ್ಕಳ ಸಿನಿಮಾ ತೋರಿಸುವ ಕೆಲಸವನ್ನು ನಾನಾಗಿಯೇ ಕೇಳಿ ಪಡೆದುಕೊಂಡವಳು.

ಈ ಸಲ ಆರಿಸಿದ್ದು ಚಿತ್ರಮಂದಿರದಲ್ಲಿ ಒಂದು ವಾರವೂ ಉಳಿಯದ ಚಿತ್ರ. ತಾಯಿ ದೂರದ ಊರಿಗೆ ಕೆಲಸಕ್ಕೆ ಹೋಗಿದ್ದಾಳೆ. ಅಜ್ಜಿಯ ಮನೆಯಲ್ಲಿ ಉಳಿದ ಏಳು ವರ್ಷದ ಹುಡುಗಿಗೆ ಅಟ್ಟದ ಮೇಲೊಬ್ಬ ಗೆಳತಿ. ಆ ಗೆಳತಿ ಒಮ್ಮೆಯೂ ಕಾಣಿಸುವುದಿಲ್ಲ. ಭಯಪಡಿಸುವ ಸಂಗೀತವಿಲ್ಲ, ಕಿರುಚಾಟವಿಲ್ಲ. ಆದರೆ ಕೊನೆಯಲ್ಲಿ, ಹುಡುಗಿ ನಿದ್ದೆಹೋದ ಮೇಲೆ, ಅಟ್ಟದ ಏಣಿ ಒಂದು ಸಲ ಕಿರ್ ಎನ್ನುತ್ತದೆ. ಅಷ್ಟೇ. ಅದು ಇಲಿಯೋ, ಗಾಳಿಯೋ, ಗೆಳತಿಯೋ ಎಂದು ಹೇಳದೆ ಚಿತ್ರ ಮುಗಿಯುತ್ತದೆ. ಮಗುವಿನ ಒಂಟಿತನವನ್ನು ಇಷ್ಟು ಗೌರವದಿಂದ ಕಂಡ ಇನ್ನೊಂದು ಚಿತ್ರವನ್ನು ನಾನು ನೋಡಿಲ್ಲ.

ನಮ್ಮ ಶಿಕ್ಷಣ ಇಲಾಖೆಯ ಅಧಿಕಾರಿಗಳು ಆ ಏಣಿಯ ಸದ್ದಿನ ತನಕ ಸುಮ್ಮನೆ ನೋಡಿದರು. ಆಮೇಲೆ ಹೇಳಿದರು: “ನಾಲ್ಕು ತಾಲ್ಲೂಕಿಗೆ ನಾಲ್ಕು ಕಡೆ ತೋರಿಸಿ ನೋಡಿ, ಮೇಡಂ. ಒಂದೇ ಒಂದು ಮಗು ಹೆದರಿತು ಅಂತ ದೂರು ಬಂದರೂ ಈ ಚಿತ್ರ ಅಲ್ಲಿಗೆ ಬಂದ್. ಬರದಿದ್ದರೆ ಎಲ್ಲ ಶಾಲೆಗೂ ಅನುಮತಿ ಕೊಡುತ್ತೇನೆ.”

ಅಂದಿನಿಂದ ನಾನು ಸಿನಿಮಾ ನೋಡುವುದನ್ನು ಬಿಟ್ಟು ಮಕ್ಕಳ ಮುಖ ನೋಡುವವಳಾದೆ. ಯಾರಾದರೂ ಸೀನಿದರೂ ಎದ್ದು ಹೋಗಿ ಮುಖ ನೋಡಿ ಬರುತ್ತಿದ್ದೆ.

ಎರಡನೆಯ ತಟ್ಟೆ

ಮೊದಲ ಪ್ರದರ್ಶನ ಮಧುಗಿರಿಯಲ್ಲೇ. ಚಿತ್ರದಲ್ಲಿ ಹುಡುಗಿ ಊಟಕ್ಕೆ ಕೂರುವಾಗ ತನ್ನ ಪಕ್ಕದಲ್ಲಿ ಇನ್ನೊಂದು ತಟ್ಟೆ ಇಟ್ಟು, ತನ್ನ ಉಪ್ಪಿಟ್ಟಿನಲ್ಲಿ ಅರ್ಧವನ್ನು ಗೆಳತಿಗೆ ಬಡಿಸುತ್ತಾಳೆ. ಮೊಮ್ಮಗನ ಜೊತೆ ಬಂದಿದ್ದ ಅಜ್ಜಿಯೊಬ್ಬರು ಅದನ್ನು ಕಂಡು ಎದ್ದು ಬಂದು ನನ್ನ ಕಿವಿಯಲ್ಲಿ ಕೇಳಿದರು:

“ಆ ಕೂಸು ಸತ್ತು ಎಷ್ಟು ವರ್ಸ ಆಯ್ತು ಕಣಮ್ಮ?”

“ಯಾರೂ ಸತ್ತಿಲ್ಲ ಅಜ್ಜಿ. ಅದು ಆ ಹುಡುಗಿಯ ಕಲ್ಪನೆ.”

“ಎಂಥ ಕಲ್ಪನೆ ಬುಡು. ಎಡೆ ಮಡಗವ್ಳಲ್ಲ, ಕಾಣಕಿಲ್ವಾ?”

ಪಿತೃಪಕ್ಷದಲ್ಲಿ ತೀರಿಕೊಂಡವರಿಗೆಂದು ಬಡಿಸಿಡುವ ಊಟವೇ ಎಡೆ. ಮಕ್ಕಳಿಗೆ ಈ ಮಾತು ಕೇಳಿಸಿದರೆ ನನ್ನ ಚಿತ್ರದ ಕಥೆ ಮುಗಿಯಿತೆಂದು ನಾನು ಅಜ್ಜಿಯನ್ನು ಬೇಡಿಕೊಂಡೆ. ನನಗೂ ಎಂಟನೆಯ ವಯಸ್ಸಿನಲ್ಲಿ ಅಂಥ ಗೆಳತಿಯೊಬ್ಬಳಿದ್ದಳು. ಮನೆಯವರು ಗಾಬರಿಯಾಗಿ ತಾಯಿತ ಕಟ್ಟಿಸಿದರು. ಅವಳು ಮತ್ತೆ ಬರಲೇ ಇಲ್ಲ. ಇಲ್ಲಿನ ಯಾವ ಮಗುವಿಗೂ ಹಾಗಾಗಬಾರದೆಂಬ ಆತಂಕ ನನ್ನದು.

ಅಜ್ಜಿ ಕೊನೆಯವರೆಗೂ ಮೌನವಾಗಿ ನೋಡಿದರು. ಏಣಿ ಕಿರ್ ಎಂದಾಗ ಮಾತ್ರ ತಡೆಯಲಾರದೆ ತೀರ್ಪು ಕೊಟ್ಟರು: “ಬರೀ ಉಪ್ಪಿಟ್ಟು ಇಕ್ಕಿದ್ರೆ ಯಾರ್ ತಾನೆ ಅಟ್ಟ ಬುಟ್ಟು ಓಯ್ತಾರೆ? ಒಂದೇ ಒಂದು ದಿನ ಒಬ್ಬಟ್ಟು ಮಾಡಿ ಇಕ್ಕು ಅನ್ನಮ್ಮ, ಆ ಅಜ್ಜಿಗೆ!”

ಮಕ್ಕಳು ನಕ್ಕ ರಭಸಕ್ಕೆ ಭಯಕ್ಕೆ ಜಾಗವೇ ಉಳಿಯಲಿಲ್ಲ.

ಕಾಣದ ತಲೆಗಳು

ಈ ಚಿತ್ರದ ಕ್ಯಾಮೆರಾ ಮಗುವಿನ ಎತ್ತರದಲ್ಲೇ ಇರುತ್ತದೆ. ಆದ್ದರಿಂದ ದೊಡ್ಡವರೆಲ್ಲ ಸೊಂಟದವರೆಗೆ ಮಾತ್ರ ಕಾಣುತ್ತಾರೆ. ನನಗೆ ಬಹಳ ಮೆಚ್ಚುಗೆಯಾದ ಸಂಗತಿ ಅದು. ಕೊರಟಗೆರೆ ತಾಲ್ಲೂಕಿನ ಮುಖ್ಯೋಪಾಧ್ಯಾಯರೊಬ್ಬರಿಗೆ ಮಾತ್ರ ಅದು ಯಂತ್ರದ ದೋಷವಾಗಿ ಕಂಡಿತು.

“ಮೇಡಂ, ತಲೆ ಕಟ್ ಆಗ್ತಿದೆ.”

“ಬೇಕೆಂದೇ ಹಾಗೆ ತೆಗೆದಿದ್ದಾರೆ ಸಾರ್.”

“ಬೇಕಂತ ಯಾರಾದ್ರೂ ತಲೆ ತೆಗೀತಾರಾ? ನೀವು ಸುಮ್ನೆ ಕೂತ್ಕೊಳ್ಳಿ, ನಾನು ಸರಿ ಮಾಡ್ತೀನಿ.”

ಅವರು ಪ್ರೊಜೆಕ್ಟರಿನ ಮುಂಭಾಗದ ಕೆಳಗೆ ಒಂದು ಹಾಜರಿ ಪುಸ್ತಕ ಇಟ್ಟರು. ಚಿತ್ರ ಒಂದಡಿ ಮೇಲೇರಿತು, ತಲೆ ಬರಲಿಲ್ಲ. ಶಬ್ದಕೋಶ ಇಟ್ಟರು; ಬರಲಿಲ್ಲ. ಇಟ್ಟಿಗೆ ತಂದರು. ಸೊಂಟಗಳು ಗೋಡೆ ದಾಟಿ ಚಾವಣಿಗೆ ಹರಿದವು. ಅಷ್ಟರಲ್ಲಿ ಅಷ್ಟೂ ಮಕ್ಕಳು ನೆಲದ ಮೇಲೆ ಅಂಗಾತ ಮಲಗಿ, ಕೈಯನ್ನು ತಲೆದಿಂಬು ಮಾಡಿಕೊಂಡು, ಪರಮ ಸುಖದಿಂದ ನೋಡುತ್ತಿದ್ದರು. ಹೆದರಿಕೆಯ ಗುರುತಿಲ್ಲವೆಂದು ನಾನು ಸಮಾಧಾನದ ಉಸಿರು ಬಿಡುವಷ್ಟರಲ್ಲಿ ಮುಖ್ಯೋಪಾಧ್ಯಾಯರು ಬೆವರೊರೆಸಿಕೊಳ್ಳುತ್ತ ಹೇಳಿದರು:

“ಇನ್ನೇನು ತಲೆ ಬಂದ್ಬಿಡ್ತಿತ್ತು ಮೇಡಂ, ಫ್ಯಾನ್ ಅಡ್ಡ ಬಂತು.”

ಕೆಡವಿದ ಅಟ್ಟ

ಶಿರಾ ತಾಲ್ಲೂಕಿನ ಮದಲೂರಿನಲ್ಲಿ ಸಿನಿಮಾ ಮುಗಿಯುತ್ತಿದ್ದಂತೆ ಹಿರಿಯರೊಬ್ಬರು ಎದ್ದು ನಿಂತು, ಈ ಕಥೆ ತಮ್ಮ ಮನೆಯಲ್ಲೇ ನಡೆದದ್ದೆಂದು ಸಾರಿದರು. ಊರಿನ ಐತಿಹ್ಯಗಳಿಗೆ ನಾನು ಎದುರಾಡುವುದಿಲ್ಲ. ಒಂದೆರಡು ಪ್ರಶ್ನೆ ಕೇಳಿ ಸುಮ್ಮನಾಗುತ್ತೇನೆ.

“ಯಾವ ಕಾಲದಲ್ಲಿ ನಡೆದದ್ದು ಯಜಮಾನರೇ?”

“ನಮ್ಮ ತಾತನ ಕಾಲ್ದಾಗೆ.”

“ಸಿನಿಮಾದಲ್ಲಿ ಆ ಹುಡುಗಿ ತಾಯಿಯ ಹತ್ತಿರ ಮೊಬೈಲಿನಲ್ಲಿ ಮಾತಾಡುತ್ತಾಳಲ್ಲ?”

“ಅದು ಸಿನಿಮಾದೋರು ಸೇರಿಸಿರೋದು. ಅಟ್ಟ ಮಾತ್ರ ನಮ್ದೇಯ. ಬನ್ನಿ, ತೋರಿಸ್ತೀನಿ.”

ಮಕ್ಕಳ ದಂಡು ಅವರ ಹಿಂದೆ ಹೊರಟಿತು. ನಿಜವಾದ ಅಟ್ಟ ಕಂಡು ಯಾರಾದರೂ ಬೆಚ್ಚಿದರೆ ಗತಿಯೇನೆಂದು ನಾನೂ ಓಡುತ್ತಲೇ ಹೋದೆ. ಹೋಗಿ ನೋಡಿದರೆ ಮನೆ ಹೊಚ್ಚಹೊಸತು. ಆರ್‌ಸಿಸಿ ಚಾವಣಿ, ಒಳಗೆಲ್ಲ ಟೈಲ್ಸ್. ಅಟ್ಟವಿರಲಿ, ಒಂದು ಗೂಡು ಕೂಡ ಇರಲಿಲ್ಲ.

“ಯಜಮಾನರೇ, ಇಲ್ಲಿ ಅಟ್ಟವೇ ಇಲ್ಲವಲ್ಲ!” ಎಂದೆ.

ಅವರು ನನ್ನ ವಿದ್ಯಾಭ್ಯಾಸದ ಬಗ್ಗೆ ಮರುಕಪಡುವವರಂತೆ ನೋಡಿದರು. “ಇನ್ನೇನು ಮತ್ತೆ? ಅವ್ಳು ಅಲ್ಲಿದ್ದಿದ್ಕೇ ಅಲ್ವಾ ಕೆಡವಿದ್ದು!”

ಖಾಲಿ ಕುರ್ಚಿ

ಕೊನೆಯದು ಪಾವಗಡ ತಾಲ್ಲೂಕಿನ ಕ್ಯಾತಗಾನಚೆರ್ಲು. ಅಧಿಕಾರಿಗಳು ಸ್ವತಃ ಬರುವವರಿದ್ದರು. ಅನುಮತಿ ಪತ್ರ ನನ್ನ ಚೀಲದಲ್ಲಿ ಸಹಿಗಾಗಿ ಕಾದಿತ್ತು.

ಆರಂಭಕ್ಕೆ ಮುನ್ನ ಕಥೆಯ ಸುಳಿವು ಕೊಟ್ಟಾಗ ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ಆ ಫ್ರೆಂಡೂ ಸಿನಿಮಾ ನೋಡಕ್ಕೆ ಬತ್ತಾಳಾ?”

ಕಲ್ಪನೆಯನ್ನು ಚಿವುಟಬಾರದೆಂದು ನಾನು ಎಚ್ಚರಿಕೆಯಿಂದ, “ನೀವು ಕರೆದರೆ ಬಂದಾಳು” ಎಂದೆ.

ಮಕ್ಕಳು ಕರೆದೇಬಿಟ್ಟರು. ಮುಂದಿನ ಸಾಲಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಎಳೆದು, ಲಂಗದ ತುದಿಯಿಂದ ಧೂಳೊರೆಸಿ, ಖಾಲಿ ಬಿಟ್ಟರು. ಊರಿನ ದೊಡ್ಡವರು ತುಂಬಿಕೊಂಡಿದ್ದರಿಂದ ಕುರ್ಚಿಗಳು ಸಾಲದೆ ಹಲವರು ನಿಂತೇ ಇದ್ದರು. ಆದರೂ ಅದರಲ್ಲಿ ಯಾರೂ ಕೂರಲಿಲ್ಲ.

ಚಿತ್ರ ಶುರುವಾದ ಮೇಲೆ ಅಧಿಕಾರಿಗಳು ಕತ್ತಲೆಯಲ್ಲಿ ತಡಕಾಡುತ್ತ ಬಂದರು. ಖಾಲಿ ಕುರ್ಚಿ ಕಂಡಿತು. ಇನ್ನೇನು ಕೂರಬೇಕು, ಆ ಗಡಿನಾಡಿನ ಮಕ್ಕಳೆಲ್ಲ ತೆಲುಗು, ಕನ್ನಡ ಎರಡರಲ್ಲೂ ಒಂದೇ ಕೊರಳಲ್ಲಿ ಕೂಗಿದರು:

“ಸಾರ್, ಅಕ್ಕಡ ಕೂರ್ಚೋವದ್ದು! ಪಾಪ ಉಂದಿ! ಅಲ್ಲಿ ಹುಡುಗಿ ಕುಂತವ್ಳೆ ಸಾರ್!”

ಕೆಂಡ ತಾಗಿದಂತೆ ನೆಟ್ಟಗಾದ ಅಧಿಕಾರಿಗಳು ಖಾಲಿ ಕುರ್ಚಿಯತ್ತ ಬಾಗಿ, “ಓ… ಸಾರಿ ಕಣಮ್ಮ, ನೋಡಲಿಲ್ಲ” ಎಂದುಬಿಟ್ಟರು.

ಆಮೇಲೆ ಇಡೀ ಚಿತ್ರವನ್ನು ಗೋಡೆಗೊರಗಿ ನಿಂತೇ ನೋಡಿದರು. ನಾನು ಮೊದಲ ಬಾರಿಗೆ ಮಕ್ಕಳನ್ನು ಬಿಟ್ಟು ದೊಡ್ಡವರೊಬ್ಬರ ಮುಖವನ್ನು ಕಾದೆ. ಏಣಿ ಕಿರ್ ಎಂದಾಗ ಅವರು ಕುರ್ಚಿಯಿಂದ ಇನ್ನೂ ಎರಡು ಹೆಜ್ಜೆ ದೂರ ಸರಿದರು.

ದೀಪ ಹಾಕಿದ ಮೇಲೆ ಕೇಳಿದರು: “ಯಾರಿಗಾದರೂ ಭಯ ಆಯ್ತಾ ಮಕ್ಕಳೇ?”

“ಇಲ್ಲಾ ಸಾರ್!”

ಎರಡು ಜಡೆಯವಳು ಕೈ ಎತ್ತಿದಳು.

“ನಿಮಗೆ ಆಯ್ತಾ ಸಾರ್?”

ಅವರು ಕೆಮ್ಮಿದರು; ಗಡಿಯಾರ ನೋಡಿಕೊಂಡರು; ನಮ್ಮ ನಿಯಮದಲ್ಲಿರುವುದು ಮಕ್ಕಳ ಭಯ ಮಾತ್ರ ಎಂದು ನನ್ನತ್ತ ತಿರುಗಿ ಮೆಲ್ಲನೆ ಹೇಳಿ, ಜೀಪಿನ ಬಾನೆಟ್ಟಿನ ಮೇಲೆ ಪತ್ರವಿಟ್ಟು ಸಹಿ ಹಾಕಿದರು. ಕೆಳಗೆ ತಮ್ಮದೊಂದು ಷರಾ ಸೇರಿಸಿದರು: “ಮುಂದಿನ ಪ್ರದರ್ಶನಗಳಲ್ಲಿ ಕುರ್ಚಿಗಳ ಕೊರತೆಯಾಗದಂತೆ ನೋಡಿಕೊಳ್ಳತಕ್ಕದ್ದು.”

ನಾನು ಪತ್ರವನ್ನು ಎದೆಗೊತ್ತಿಕೊಂಡು ನಿಂತೆ. ಅವರು ಜೀಪಿನ ಹಿಂಬಾಗಿಲು ತೆರೆದು, ಹತ್ತದೆ, ಒಳಗೆ ಬಗ್ಗಿ ನೋಡಿದರು. ಕಿಟಕಿಯ ಸಂದಿಯಿಂದ ಇಡೀ ಸಿನಿಮಾ ನೋಡಿ ಮುಗಿಸಿದ್ದ ಚಾಲಕನನ್ನು ಕೇಳಿದರು: “ಇಲ್ಲಿ ಯಾರೂ ಇಲ್ಲ ತಾನೇ?”

“ಯಾರೂ ಇಲ್ಲ ಸಾರ್,” ಎಂದ ಆತ ಗಂಭೀರವಾಗಿ. “ಆದ್ರೂ ಒಸಿ ಈ ಕಡೀಕೆ ಸರ್ಕೊಂಡು ಕುತ್ಕಳಿ.”