ನಮ್ಮ ಮಾವನ ಮೂರು ಎಲೆಕ್ಷನ್ನು

ನಿಂತ್ಕೊಳ್ಳೋಕ್ ಮುಂಚೇನೇ ಎಲೆಕ್ಷನ್ ಸೋತ ಮನುಷ್ಯನ್ನ ನೀವು ನೋಡಿದೀರಾ? ನಾನು ನೋಡಿದೀನಿ. ನೋಡಿದೀನಿ ಏನ್ ಬಂತು, ಮೊಪೆಡ್ ಹಿಂದೆ ಕೂರಿಸ್ಕೊಂಡು ಹತ್ತು ವರ್ಷ ಸುತ್ತಿದೀನಿ. ನಮ್ಮ ಸೋದರಮಾವ. ನೆನೆಸ್ಕೊಂಡ್ರೆ ಈಗ್ಲೂ ಸೊಂಟ ನೋಯುತ್ತೆ.

ಮಾವನ ರಾಜಕೀಯ ಬಲು ಸುಲಭ. ಹೊಸದು ಏನೇ ಬರ್ಲಿ, ಬೇಡ! ಸಿ.ಎಸ್. ಪುರದಿಂದ ನಮ್ಮೂರಿಗೆ ಟಾರ್ ರೋಡ್ ಮಾಡ್ತೀವಿ ಅಂತ ಬಂದ್ರೆ, ಎತ್ತಿನ ಗೊರಸು ಸವೆಯುತ್ತೆ ಅಂದ್ರು. ಫೋನ್ ಬೂತ್ ಬಂದ್ರೆ, ಮುಖ ನೋಡದೆ ಮಾತಾಡೋನು ಸುಳ್ಳು ಹೇಳ್ದೆ ಇರ್ತಾನಾ ಅಂದ್ರು. ನಲ್ಲಿ ಬಂದಾಗ, ಹೆಂಗಸ್ರು ಬಾವಿಗೆ ಹೋಗದಿದ್ರೆ ಊರಿನ ಸುದ್ದಿ ಮನೆಗೆ ಹೆಂಗೆ ಬರುತ್ತೆ ಅಂದ್ರು. ಈ ಒಂದು ವಿಷಯದಲ್ಲಿ ಮಾತ್ರ ನಮ್ಮತ್ತೆ ಅವರ ಕಡೆ.

ನಮ್ಮಪ್ಪ ಹೋದ್ಮೇಲೆ ಅವ್ವನ್ನೂ ನನ್ನೂ ಮನೇಲಿಟ್ಕೊಂಡು ಸಾಕಿದ್ದು ಇವರೇ. ನನ್ನ ಸ್ಕೂಲಿಗೆ ಸೇರ್ಸೋಕೆ ಒಳ್ಳೇ ದಿನ ಹುಡುಕ್ತಾ ಹುಡುಕ್ತಾ ಮೂರು ವರ್ಷ ಪಂಚಾಂಗ ತಿರುವಿದ್ದೂ ಇವರೇ! ಮೀಸೆ ಚಿಗುರೋ ಹೊತ್ತಿಗೆ ನಾನಿನ್ನೂ ಆರನೇ ಕ್ಲಾಸು.

ಇಷ್ಟೆಲ್ಲಾ ಬೇಡ ಅನ್ನೋ ಮನುಷ್ಯನಿಗೆ ಒಂದು ಮಾತ್ರ ಬೇಕಾಗಿತ್ತು. ಗ್ರಾಮ ಪಂಚಾಯ್ತಿ ಮೆಂಬರ್ ಆಗ್ಬೇಕು, ಸಾಯೋದ್ರೊಳಗೆ ಒಂದ್ಸಲ. ಅವರ ತಾತ ಪಟೇಲರಾಗಿದ್ದೋರು, ಅಪ್ಪನ ಮಾತು ಊರಲ್ಲಿ ನಡೀತಿತ್ತು. ಇವರ ಮಾತು ಮನೆ ಎಮ್ಮೆ ಕೂಡ ಕೇಳ್ತಿರ್ಲಿಲ್ಲ.

ಮೊದಲ್ನೇ ಸಲ ನಾಮಿನೇಶನ್ ಕಡೇ ದಿನ ಗುರುವಾರ. ಆಫೀಸ್ ಮುಂದೆ ಒಂದೂವರೆಗೇ ಹೋಗಿ ನಿಂತ್ವಿ. ಅಷ್ಟರಲ್ಲಿ ರಾಹುಕಾಲ ಶುರು. ಮೂರು ಗಂಟೆಗೆ ಮುಗಿಯುತ್ತೆ, ಇರು ಅಂದ್ರು. ಹುಣಸೆ ಮರದ ಕೆಳಗೆ ಕೂತ್ವಿ. ಮೂರಾಗಿ ಒಂದು ನಿಮಿಷಕ್ಕೆ ಬಲಗಾಲಿಟ್ಟು ಒಳಗೆ ಹೋದ್ರು. ನಾಮಿನೇಶನ್ ಟೈಮೂ ಮೂರಕ್ಕೇ ಮುಗಿದಿತ್ತು! ವಾಪಸ್ ಬರ್ತಾ, ರಾಹುಕಾಲದಲ್ಲಿ ಸೋಲೋದಕ್ಕಿಂತ ಒಳ್ಳೇ ಗಳಿಗೇಲಿ ಸೋಲೋದು ವಾಸಿ ಅಂತ ನನಗೇ ಸಮಾಧಾನ ಹೇಳಿದ್ರು.

ಐದು ವರ್ಷ ಆದ್ಮೇಲೆ ಎರಡನೇದು. ಈ ಸಲ ಬೆಳಿಗ್ಗೇನೇ ಹೋಗಿ ಕೊಟ್ರು. ಸೌದೆ ಒಲೆ ಉಳಿಸಿ ಅಂತ ಭಾಷಣಾನೂ ರೆಡಿ. ಆಫೀಸ್‌ನೋರು ಕೊಟ್ಟ ಗುರುತು ಯಾವುದು ಅಂತೀರಾ? ಗ್ಯಾಸ್ ಸ್ಟೌವ್! ಮನೆಮನೆಗೆ ಹೋಗಿ, ಸೌದೆ ಒಲೆ ಬಿಡಬೇಡಿ ತಾಯಿ, ಗ್ಯಾಸ್ ಸ್ಟೌವ್‌ಗೇ ಓಟು ಹಾಕಿ ಅಂತ ಕೈ ಮುಗಿದ್ರು. ಜನ ಎರಡನ್ನೂ ಕೇಳಿ, ಎರಡನ್ನೂ ಬಿಟ್ರು. ನೂರು ಓಟಲ್ಲಿ ಸೋತ್ರು.

ಮೂರನೇದಕ್ಕೆ ಮಾವನಿಗೆ ಮಂಡಿ ನೋವು. ನಾನು ಆಗ ತುಮಕೂರಲ್ಲಿ ಅಂಗಡಿ ಕೆಲಸಕ್ಕೆ ಸೇರಿ ಬಟವಾಡೀಲಿ ರೂಮ್ ಮಾಡ್ಕೊಂಡಿದ್ದೆ. ಓಟು ಮಾತ್ರ ಊರಲ್ಲೇ ಇತ್ತು. ಇದೇ ಕಡೇದು ಕಣೋ, ಇನ್ನು ನಿಲ್ಲಲ್ಲ ಅಂದ್ರು. ಹದಿನೈದು ದಿನ ರಜಾ ಹಾಕಿ ಸುತ್ತಿಸ್ದೆ. ಎದುರಿಗಿದ್ದೋನು ಊರಿಗೆ ಕೇಬಲ್ ಟಿವಿ ಎಳೆದೋನು. ಎಲ್ಲಿ ಗೆಲ್ಲೋದು! ಓಟಿನ ಹಿಂದಿನ ದಿನ, ಬೆಳಿಗ್ಗೆ ಬಂದ್ಬಿಡ್ತೀನಿ ಅಂತ ಹೇಳಿ ರೂಮಿಗೆ ಬಂದು ಬಿದ್ಕೊಂಡೆ. ಎಚ್ಚರ ಆದಾಗ ಹನ್ನೊಂದು. ಗುಬ್ಬಿಗೆ ಹೋಗ್ಬೇಕು, ಅಲ್ಲಿ ಇನ್ನೊಂದು ಬಸ್ ಕಾಯ್ಬೇಕು. ಹೆಂಗೂ ನೂರು ಓಟಲ್ಲಿ ಸೋಲ್ತಾರೆ, ನಂದೊಂದು ಹಾಕಿದ್ರೆ ತೊಂಬತ್ತೊಂಬತ್ತು. ಮಗ್ಗುಲಾದೆ.

ಆದ್ರೆ ಎರಡು ದಿನದಿಂದ ಊರಲ್ಲಿ ಕೇಬಲ್ ಕೆಟ್ಟಿತ್ತಂತೆ. ಸೀರಿಯಲ್ ತಪ್ಪಿದ ಹೆಂಗಸ್ರೆಲ್ಲಾ ಸಿಟ್ಟಿಗೆದ್ದು ಮಾವನಿಗೆ ಒತ್ತಿದಾರೆ. ಮಾವ ಸೋತಿದ್ದು ಒಂದೇ ಒಂದು ಓಟಲ್ಲಿ.

ಎಣಿಕೆ ಆದ ದಿನ ಸಂಜೆ ಊರಿಗೆ ಹೋದ್ರೆ ಜಗಲಿ ತುಂಬಾ ಜನ. ಎಲ್ಲಾ ನನ್ನ ಬೆರಳೇ ನೋಡ್ತಿದಾರೆ, ಶಾಯಿ ಇದೆಯಾ ಅಂತ. ಅವ್ವ ತಲೆ ಎತ್ತಲಿಲ್ಲ. ಅತ್ತೆ ಬಾಗಿಲಲ್ಲೇ ಹಿಡ್ಕೊಂಡ್ರು.

“ಸಾಕಿದ್ದಕ್ಕೆ ಒಂದು ಓಟು ಹಾಕೋಕೆ ಆಗ್ಲಿಲ್ವೇನ್ಲಾ ನಿಂಗೆ?”

ನಾನು ಬೆರಳು ಮಡಚಿ ಕೈ ಬೆನ್ನ ಹಿಂದಿಟ್ಕೊಂಡೆ.

“ಅವನ್ನ ಬುಡೆ,” ಅಂದ್ರು ಮಾವ. “ನನ್ನ ಓಟು ನಾನೇ ಆ ಕೇಬಲ್ಲಿನೋನಿಗೆ ಹಾಕ್ದೆ.”

ಅತ್ತೆ ಅವರ ಕಡೆ ತಿರುಗಿದ್ರು.

“ಪಂಕ್ತೀಲಿ ಕೂತೋನು ತನ್ನ ಎಲೆಗೆ ತಾನೇ ಬಡಿಸ್ಕೋತಾನೇನೆ? ಹೋದ್ಸಲಾನೂ ಹಂಗೇ ಎದುರಿನೋನಿಗೆ ಹಾಕಿದ್ದೆ.”

ಅತ್ತೆ ಹಣೆ ಚಚ್ಕೊಂಡ್ರು. ಯಾರೋ ಕಿಸಕ್ ಅಂದ, ಆಮೇಲೆ ಜಗಲೀಗೆ ಜಗಲೀನೇ ನಗ್ತು. ತನ್ನ ಓಟು ತನಗೇ ಹಾಕಿದ್ರೆ ಗೆಲ್ತಿದ್ನಲ್ಲಪ್ಪಾ ಅಂತ ಬಿದ್ದು ಬಿದ್ದು ನಕ್ರು. ಹೆಂಡ್ತಿಗೂ ಹೇಳ್ದೆ ಐದು ವರ್ಷ ಹೊಟ್ಟೇಲಿಟ್ಕೊಂಡಿದ್ದ ಮಾತು. ಆಡಿದ್ರೆ ಊರು ನಗುತ್ತೆ ಅಂತ ಅವರಿಗೆ ಗೊತ್ತಿರ್ಲಿಲ್ವಾ? ಈಗ ನನ್ನ ಬೆರಳು ಯಾರಿಗೂ ಬೇಕಿರ್ಲಿಲ್ಲ.

ಮಾವ ಹೆಗಲ ಮೇಲೆ ಟವೆಲ್ ಹಾಕ್ಕೊಂಡು, ಗಾಡಿ ತೆಗಿ, ಗೆದ್ದೋನಿಗೆ ಒಂದು ಹಾರ ಹಾಕಿ ಬರೋಣ ಅಂದ್ರು. ಹೊರಟ್ವಿ. ಕೆರೆ ಏರಿ ದಾಟಿದ್ವಿ.

“ಸುಸ್ತಾಗಿತ್ತು ಮಾವ,” ಅಂದೆ.

ಹಿಂದಿನಿಂದ ನನ್ನ ಭುಜದ ಮೇಲೆ ಕೈ ಇಟ್ರು.

“ನಂಗೂ ಆಗಿತ್ತು ಕಣಪ್ಪ. ಮೆಲ್ಲಗೆ ಹೋಗು.”